ಅಂಡಾಶಯಕ್ಕೆ ಐಸೋ, ಬಿಸಿನೀರೋ?

ಹಟ್ಟಿ ಮತ್ತು ಲ್ಯಾಬ್: ಓದುಗರ ಪ್ರಶ್ನೆ, ಪಶು ಸಂತಾನ ತಜ್ಞರ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಅಂಡಾಶಯ ಮತ್ತು ಅಂಡಾಣು ಕೆಡದಂತೆ ಇಡುವುದರ ಬಗ್ಗೆಯೇ ಇವೆ. ಒಂದೇ ಸಂಗತಿ ಕೇಳಿದ ಪತ್ರಗಳನ್ನು ಒಟ್ಟು ಮಾಡಿ ಏಳು ಪ್ರಶ್ನೆಗಳಿಗೆ ಇಳಿಸಿದ್ದೇವೆ.

ಪ್ರಶ್ನೆ: ಕಾಲೇಜಿನ ಪ್ರಾಜೆಕ್ಟಿಗೆ ಅಂಡಾಶಯ ತರಬೇಕಾಗಿದೆ. ಮೀನು ತರುವ ಥರ್ಮೋಕೋಲ್ ಪೆಟ್ಟಿಗೆಗೆ ಐಸ್ ತುಂಬಿಸಿ ತಂದರೆ ಸಾಕಲ್ಲವೇ? ಗೈಡ್ ಬೇಡ ಅನ್ನುತ್ತಾರೆ, ಕಾರಣ ಹೇಳಲಿಲ್ಲ.
– ವಿದ್ಯಾರ್ಥಿನಿ, ಮಲ್ಪೆ

ಬಂಗುಡೆಗೆ ಐಸ್ ಸರಿ. ಮೀನು ಆಗಲೇ ಸತ್ತಿದೆ, ಅದರ ಮೇಲೆ ಬ್ಯಾಕ್ಟೀರಿಯಾ ಬೆಳೆಯದಿದ್ದರೆ ನಮ್ಮ ಕೆಲಸ ಆಯಿತು. ಅಂಡಾಣು ಹಾಗಲ್ಲ. ಅದು ಜೀವಂತ ಕೋಶ, ನಾಳೆ ಭ್ರೂಣ ಆಗಬೇಕಾದದ್ದು. ದನದ ಅಂಡಾಣುವಿನೊಳಗೆ ಕೊಬ್ಬಿನ ಹನಿಗಳು ತುಂಬಿಕೊಂಡಿರುತ್ತವೆ, ಹೊರಪೊರೆಯೂ ಕೊಬ್ಬಿನದೇ. ಚಳಿಗಾಲದ ಬೆಳಗ್ಗೆ ಶೀಶೆಯ ತೆಂಗಿನೆಣ್ಣೆ ಹೆಪ್ಪುಗಟ್ಟುತ್ತದಲ್ಲ, ಸುಮಾರಾಗಿ ಅದೇ ಈ ಪೊರೆಯಲ್ಲೂ ನಡೆಯುತ್ತದೆ. ಅದಕ್ಕೆ ಸೊನ್ನೆ ಡಿಗ್ರಿಯವರೆಗೆ ಇಳಿಯಬೇಕಾಗಿಲ್ಲ. ಹದಿನೈದು ಡಿಗ್ರಿಯ ಆಸುಪಾಸಿನಲ್ಲೇ ಪೊರೆ ಬಿಗಿದುಕೊಳ್ಳುತ್ತದೆ, ಮತ್ತೆ ಬಿಸಿ ಮಾಡಿದಾಗ ಅಲ್ಲಲ್ಲಿ ಸೋರುತ್ತದೆ. 4 ಡಿಗ್ರಿಯಲ್ಲಿ ತಂದ ಅಂಡಾಣು ಸೂಕ್ಷ್ಮದರ್ಶಕದಡಿ ಚೆನ್ನಾಗಿಯೇ ಕಾಣುತ್ತದೆ. ಬಲಿಯಲು ಇಟ್ಟ ಮರುದಿನ ಬಣ್ಣ ಬಯಲಾಗುತ್ತದೆ.

ತರುವ ಕ್ರಮ ಹೀಗೆ. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ 9 ಗ್ರಾಂ ಶುದ್ಧ ಸೋಡಿಯಂ ಕ್ಲೋರೈಡ್ ಹಾಕಿ. ಅಡುಗೆಯ ಅಯೋಡಿನ್ ಉಪ್ಪೂ ಬೇಡ, ಬಾವಿ ನೀರೂ ಬೇಡ. ಇಷ್ಟೆಲ್ಲ ತಲೆಬಿಸಿ ಬೇಡ ಅನಿಸಿದರೆ ಮೆಡಿಕಲ್‌ನಲ್ಲಿ ಸಿಗುವ ನಾರ್ಮಲ್ ಸಲೈನ್ ಬಾಟಲಿ ಸಾಕು. ಅದಕ್ಕೆ ಲೀಟರಿಗೆ 50 ಮಿ.ಗ್ರಾಂ ಜೆಂಟಾಮೈಸಿನ್ ಎಂಬ ಆಂಟಿಬಯೋಟಿಕ್ ಸೇರಿಸಿ. ಥರ್ಮಾಸ್‌ಗೆ ಮೊದಲು ಬಿಸಿನೀರು ತುಂಬಿಸಿ ಹತ್ತು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ 35ರಿಂದ 37 ಡಿಗ್ರಿಯ ಸಲೈನ್ ಹಾಕಿ. ಥರ್ಮಾಸ್ ತಣ್ಣಗಿದ್ದರೆ ಗಾಜೇ ಮೂರು ನಾಲ್ಕು ಡಿಗ್ರಿ ಕುಡಿದುಬಿಡುತ್ತದೆ. ಅಂಡಾಶಯ ಮುಳುಗಿದರಷ್ಟೇ ಸಾಲದು, ಅದರ ಮೇಲೂ ಅಷ್ಟೇ ಎತ್ತರಕ್ಕೆ ದ್ರಾವಣ ಇರಬೇಕು. ಒತ್ತೊತ್ತಾಗಿ ತುಂಬಿದರೆ ರಕ್ತ ಬಿಟ್ಟುಕೊಂಡು ದ್ರಾವಣ ಕೆಂಪಾಗುತ್ತದೆ, ಹುಳಿಯಾಗುತ್ತದೆ. ಲ್ಯಾಬ್ ತಲುಪುವಾಗ 30 ಡಿಗ್ರಿಗಿಂತ ಕೆಳಗೆ ಇಳಿದಿರಬಾರದು. ಪ್ರಾಣಿಯ ಮೈಯಿಂದ ಬೇರೆಯಾದ ಹೊತ್ತಿನಿಂದ ನಾಲ್ಕು ಗಂಟೆಯೊಳಗೆ ಅಂಡಾಣು ಹೊರಗೆ ತೆಗೆದಿರಬೇಕು. ಬಸ್ ತಪ್ಪಿ ತಡವಾಗುವುದು ಖಚಿತವಾದರೆ 20–25 ಡಿಗ್ರಿಯ ಸಲೈನಿಗೆ ಬದಲಾಯಿಸಿ. ಫಲಿತಾಂಶ ಸ್ವಲ್ಪ ಇಳಿಯುತ್ತದೆ, ಆದರೆ ಆರೇಳು ಗಂಟೆ ಬಿಸಿಯಲ್ಲೇ ಇಟ್ಟದ್ದಕ್ಕಿಂತ ವಾಸಿ. ಬಿಸಿಯಲ್ಲಿ ಕೋಶದ ಹಸಿವು ಜಾಸ್ತಿ, ಅಲ್ಲಿ ತಿನ್ನಲು ಏನೂ ಇಲ್ಲ.

ಇನ್ನು ನಿಮ್ಮ ಐಸ್ ಪೆಟ್ಟಿಗೆಯನ್ನು ಎಸೆಯಬೇಡಿ. ಅಂಡಾಶಯದ ಹೊರಸಿಪ್ಪೆಯಲ್ಲಿ, ಅಂದರೆ ಕಾರ್ಟೆಕ್ಸ್‌ನಲ್ಲಿ, ಇನ್ನೂ ಬೆಳೆಯಲು ಶುರುಮಾಡದ ಎಳೆಯ ಅಂಡಾಣುಗಳು ಸಾವಿರಗಟ್ಟಲೆ ಮಲಗಿರುತ್ತವೆ. ಅವುಗಳಲ್ಲಿ ಕೊಬ್ಬು ಕಡಿಮೆ, ಗಾತ್ರ ಸಣ್ಣದು, ಕೆಲಸವೂ ಇಲ್ಲ. ನಿಮ್ಮ ಪ್ರಾಜೆಕ್ಟ್ ಆ ಸಿಪ್ಪೆಯ ಮೇಲಿದ್ದರೆ ಐಸ್ ಮೇಲೆ 4 ಡಿಗ್ರಿಯಲ್ಲಿ ತರುವುದೇ ಸರಿಯಾದ ಕ್ರಮ. ಒಂದೇ ಅಂಡಾಶಯಕ್ಕೆ ಎರಡು ಪಾಠ. ನೀವು ಅದರೊಳಗಿಂದ ಯಾವುದನ್ನು ತೆಗೆಯುತ್ತೀರಿ ಎಂಬುದನ್ನು ಗೈಡ್ ಹತ್ತಿರ ಮೊದಲು ಕೇಳಿ, ಪೆಟ್ಟಿಗೆ ಯಾವುದೆಂದು ಆಮೇಲೆ ತೀರ್ಮಾನಿಸಿ.

ಪ್ರಶ್ನೆ: ಪುಸ್ತಕಗಳಲ್ಲೆಲ್ಲ ಕಸಾಯಿಖಾನೆಯ ದನದ ಅಂಡಾಶಯ ಎಂದಿದೆ. ನಮ್ಮಲ್ಲಿ ಎಲ್ಲಿಂದ ತರುವುದು?
– ಸಂಶೋಧನಾ ವಿದ್ಯಾರ್ಥಿ, ಕೊಣಾಜೆ

ತರಲಾಗದು. ಕರ್ನಾಟಕದ 2020ರ ಗೋಹತ್ಯೆ ನಿಷೇಧ ಮತ್ತು ಜಾನುವಾರು ಸಂರಕ್ಷಣಾ ಕಾಯ್ದೆಯಲ್ಲಿ ದನ, ಕರು, ಹೋರಿ, ಎತ್ತು ಯಾವ ವಯಸ್ಸಿನದ್ದೂ ವಧೆಗೆ ಇಲ್ಲ, 13 ವರ್ಷದೊಳಗಿನ ಎಮ್ಮೆ ಕೋಣಗಳೂ ಇಲ್ಲ. ಪುಸ್ತಕ ಬರೆದವರ ಊರು ಬೇರೆ. ಇಲ್ಲಿ ಕೈ ಪಳಗಿಸಲು ಆಡು, ಕುರಿಯ ಅಂಡಾಶಯ ಬಳಸಿ. ಪರವಾನಗಿ ಇರುವ ವಧಾಗಾರದಿಂದ ಲಿಖಿತ ಒಪ್ಪಿಗೆ ಪಡೆದು ತನ್ನಿ, ಸಂಸ್ಥೆಯ ಕಡತದಲ್ಲಿ ಅದರ ಪ್ರತಿ ಇರಲಿ. ದನದ್ದೇ ಅಂಡಾಣು ಬೇಕಿದ್ದರೆ ಜೀವಂತ ದನದಿಂದ ಸ್ಕ್ಯಾನರ್ ನೋಡಿಕೊಂಡು ಸೂಜಿಯಲ್ಲಿ ತೆಗೆಯುವ ಓಪಿಯು ಕ್ರಮವೇ ಸಾಮಾನ್ಯ ದಾರಿ. ಅದಕ್ಕೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಅನುಮತಿ ಬೇಕು, ತರಬೇತಿ ಪಡೆದ ಪಶುವೈದ್ಯರೂ ಬೇಕು. ಆಡಿನಲ್ಲಿ ಕಲಿತದ್ದು ವ್ಯರ್ಥವಾಗದು. ದ್ರಾವಣ, ಉಷ್ಣತೆ, ಕೈಚಳಕ ಎಲ್ಲ ಹೆಚ್ಚುಕಡಿಮೆ ಅದೇ.

ಪ್ರಶ್ನೆ: ಆಡಿನ ಅಂಡಾಶಯದಿಂದ ಸಿರಿಂಜ್‌ನಲ್ಲಿ ಅಂಡಾಣು ತೆಗೆಯುತ್ತೇವೆ. ಹತ್ತರಲ್ಲಿ ಆರೇಳು ಬೋಳಾಗಿ ಬರುತ್ತವೆ, ಸುತ್ತಲಿನ ಕೋಶಗಳೇ ಇರುವುದಿಲ್ಲ. ಅಂಡಾಶಯದ ದೋಷವೋ, ನಮ್ಮದೋ?
– ಭ್ರೂಣಶಾಸ್ತ್ರದ ವಿದ್ಯಾರ್ಥಿಗಳು, ಮಣಿಪಾಲ

ಹತ್ತರಲ್ಲಿ ಒಂದೆರಡು ಬೋಳಾಗಿದ್ದರೆ ಅಂಡಾಶಯದ ದೋಷ. ಆರೇಳು ಎಂದರೆ ನಿಮ್ಮದೇ.

ಅಂಡಾಣುವಿನ ಸುತ್ತ ಇರುವ ಆ ಕೋಶಗಳ ಪದರಕ್ಕೆ ಕ್ಯುಮ್ಯುಲಸ್ ಎಂದು ಹೆಸರು. ಹಲಸಿನ ಬೀಜಕ್ಕೆ ತೊಳೆ ಇದ್ದಂತೆ ಅದು, ಅಲಂಕಾರಕ್ಕಲ್ಲ. ಅಂಡಾಣುವಿಗೆ ಆಹಾರವೂ ಬಲಿಯುವ ಸೂಚನೆಯೂ ಸಿಗುವುದು ಅದರ ಮೂಲಕ. ಬೋಳು ಅಂಡಾಣುವನ್ನು ಬಲಿಯಲು ಇಡುವುದೆಂದರೆ ಇನ್‌ಕ್ಯುಬೇಟರ್‌ನ ಜಾಗ ದಂಡ.

ಮೊದಲ ಅಪರಾಧಿ ಎಳೆತದ ಜೋರು. 10 ಮಿ.ಲೀ. ಸಿರಿಂಜ್‌ನ ದಂಡವನ್ನು ಒಮ್ಮೆಲೇ ಹಿಂದಕ್ಕೆ ಎಳೆದರೆ ಅಂಡಾಣು ಸೂಜಿಯ ಬಾಯಿಯಲ್ಲಿ ರಪ್ಪನೆ ತಾಗಿ ಪದರ ಕಳಚಿಕೊಳ್ಳುತ್ತದೆ. 5 ಮಿ.ಲೀ. ಸಿರಿಂಜ್, 18 ಅಥವಾ 20 ಗೇಜ್ ಸೂಜಿ ಬಳಸಿ. ಮೊದಲೇ ಅರ್ಧ ಮಿ.ಲೀ.ನಷ್ಟು ದ್ರಾವಣ ಸಿರಿಂಜ್‌ನಲ್ಲಿ ಇರಲಿ. ಖಾಲಿ ಸಿರಿಂಜ್‌ನಲ್ಲಿ ಗಾಳಿಗುಳ್ಳೆಯೊಂದಿಗೆ ಬಡಿದಾಡಿಯೇ ಅರ್ಧ ಪದರ ಹೋಗುತ್ತದೆ. 2ರಿಂದ 6 ಮಿ.ಮೀ. ಅಗಲದ ಫಾಲಿಕಲ್, ಅಂದರೆ ಅಂಡಾಶಯದ ಮೇಲೆ ಕಾಣುವ ನೀರುಗುಳ್ಳೆ, ಮಾತ್ರ ಆರಿಸಿ. ದನ, ಎಮ್ಮೆಯಲ್ಲಾದರೆ 8 ಮಿ.ಮೀ.ವರೆಗೆ ಹೋಗಬಹುದು. ಸೂಜಿಯನ್ನು ಗುಳ್ಳೆಯ ನೆತ್ತಿಯಿಂದ ಚುಚ್ಚಬೇಡಿ, ಒತ್ತಡಕ್ಕೆ ನೀರು ಪಕ್ಕದಿಂದ ಚಿಮ್ಮಿ ಅಂಡಾಣು ಹೊರಗೆ ಬಿದ್ದುಹೋಗುತ್ತದೆ. ಪಕ್ಕದ ಗಟ್ಟಿ ಮಾಂಸದಲ್ಲಿ ಚುಚ್ಚಿ, ಒಳಗಿಂದಲೇ ಗುಳ್ಳೆಗೆ ನುಗ್ಗಿಸಿ, ಸೂಜಿಯ ಓರೆಬಾಯಿಯಿಂದ ಒಳಗೋಡೆಯನ್ನು ಮೆಲ್ಲಗೆ ಕೆರೆಯುತ್ತ ಎಳೆಯಿರಿ. ಒಂದೇ ತೂತಿನಿಂದ ಎರಡು ಮೂರು ಗುಳ್ಳೆ ಮುಗಿಸಬಹುದು.

ಎರಡನೆಯದು ಹೊರಗೆ ಬಿಡುವ ರೀತಿ. ಎಳೆಯುವಾಗ ಇದ್ದ ತಾಳ್ಮೆ ತಳ್ಳುವಾಗ ಇರುವುದಿಲ್ಲ. ಸೂಜಿ ಕಳಚಿ, ಸಿರಿಂಜ್‌ನ ಮೂತಿಯನ್ನು ಕೊಳವೆಯ ಗೋಡೆಗೆ ತಾಗಿಸಿ, ಜಾರಿ ಇಳಿಯುವಂತೆ ಬಿಡಿ. ಹತ್ತು ನಿಮಿಷ ಕೊಳವೆಯನ್ನು 37 ಡಿಗ್ರಿಯಲ್ಲಿ ನಿಲ್ಲಿಸಿದರೆ ಅಂಡಾಣುಗಳು ತಳಕ್ಕೆ ಇಳಿಯುತ್ತವೆ.

ಮೂರನೆಯದು ರಕ್ತ. ಹೆಪ್ಪುಗಟ್ಟಿದ ರಕ್ತದೊಳಗೆ ಸಿಕ್ಕಿಬಿದ್ದ ಅಂಡಾಣುವನ್ನು ಬಿಡಿಸುವಾಗ ಪದರ ಹರಿಯುತ್ತದೆ. ಅಂಡಾಶಯವನ್ನು ಮೂರು ಸಲ ಬಿಸಿ ಸಲೈನ್‌ನಲ್ಲಿ ತೊಳೆದು, ಎಳೆಯುವ ದ್ರಾವಣಕ್ಕೆ ಮಿ.ಲೀ.ಗೆ 10 ಯೂನಿಟ್ ಹೆಪಾರಿನ್, ಅಂದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ, ಸೇರಿಸಿ ನೋಡಿ. ಇಷ್ಟಾದರೂ ಸರಿಯಾಗದಿದ್ದರೆ ಆಡಿನ ಸಣ್ಣ ಅಂಡಾಶಯಕ್ಕೆ ಸಿರಿಂಜ್ ಬಿಟ್ಟು ಬ್ಲೇಡ್ ಹಿಡಿಯಿರಿ. ಬಟ್ಟಲಲ್ಲಿ ದ್ರಾವಣ ಹಾಕಿ ಸಿಪ್ಪೆಗೆ ಅಡ್ಡಡ್ಡ ಗೀರು ಹಾಕಿದರೆ ಸಂಖ್ಯೆಯೂ ಜಾಸ್ತಿ, ಪದರವೂ ಉಳಿಯುತ್ತದೆ. ಕಸ ಮಾತ್ರ ಬಹಳ, ಹುಡುಕಲು ಹೊತ್ತು ಬೇಕು.

ಹುಡುಕುವಾಗ ಇನ್ನೊಂದು ಸಂಗತಿ ನೆನಪಿರಲಿ. ಸೂಕ್ಷ್ಮದರ್ಶಕದ ನೇರ ಮೇಲೆ ಎಸಿ ಬೀಸುತ್ತಿದ್ದರೆ ಬಟ್ಟಲಿನ ತೆಳುವಾದ ದ್ರಾವಣ ಕೆಲವೇ ನಿಮಿಷದಲ್ಲಿ ತಣ್ಣಗಾಗುತ್ತದೆ. ಥರ್ಮಾಸ್‌ನಲ್ಲಿ ಅಷ್ಟು ಜತನವಾಗಿ ತಂದದ್ದು ಇಲ್ಲಿ ಕೈಬಿಟ್ಟು ಹೋಗುತ್ತದೆ. ಹಾಗೆಯೇ ಹೊರಗೆ ಕೆಲಸ ಮಾಡುವ ದ್ರಾವಣದಲ್ಲಿ ಹೆಪಿಸ್, ಅಂದರೆ ಹುಳಿ-ಕ್ಷಾರ ಏರುಪೇರಾಗದಂತೆ ಹಿಡಿಯುವ ವಸ್ತು, ಇರಬೇಕು. ಇನ್‌ಕ್ಯುಬೇಟರ್‌ಗೆಂದು ಮಾಡಿದ ಬೈಕಾರ್ಬನೇಟ್ ದ್ರಾವಣ ಹೊರಗಿನ ಗಾಳಿಯಲ್ಲಿ ಕ್ಷಾರವಾಗಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಕಂಡರೆ ಚೆಲ್ಲಿಬಿಡಿ.

ಆರಿಸಿದ ಅಂಡಾಣುಗಳನ್ನು ಟಿಸಿಎಂ-199 ಎಂಬ ಕೋಶ ಬೆಳೆಸುವ ಸಿದ್ಧ ದ್ರಾವಣಕ್ಕೆ ಶೇ. 10 ಸೀರಮ್, ಎಫ್‌ಎಸ್‌ಎಚ್, ಎಲ್‌ಎಚ್ ಹಾರ್ಮೋನುಗಳು, ಪೈರುವೇಟ್ ಸೇರಿಸಿದ 100 ಮೈಕ್ರೋಲೀಟರ್ ಹನಿಗಳಲ್ಲಿ, ಹನಿಗೆ 10–15ರಂತೆ, ಮಿನರಲ್ ಆಯಿಲ್ ಕೆಳಗೆ ಇಡಿ. 38.5 ಡಿಗ್ರಿ, ಶೇ. 5 ಇಂಗಾಲದ ಡೈಆಕ್ಸೈಡ್. ದನದ್ದಾದರೆ 22–24 ಗಂಟೆ, ಆಡಿಗೆ 24–27 ಗಂಟೆ. ಹನಿಗಳನ್ನು ಎರಡು ಗಂಟೆ ಮೊದಲೇ ಇನ್‌ಕ್ಯುಬೇಟರ್‌ನಲ್ಲಿ ಇಟ್ಟಿರಬೇಕು.

ಪ್ರಶ್ನೆ: ಬಲಿತ ಅಂಡಾಣುಗಳನ್ನು ವಿಟ್ರಿಫಿಕೇಶನ್ (ಹರಳು ಕಟ್ಟದೆ ಗಾಜಿನಂತೆ ಗಟ್ಟಿಯಾಗಿಸುವುದು) ಮಾಡಿ ದ್ರವ ನೈಟ್ರೋಜನ್‌ನಲ್ಲಿ ಇಟ್ಟು ತೆಗೆದರೆ ಹತ್ತರಲ್ಲಿ ಎಂಟು ಚೆನ್ನಾಗಿಯೇ ಕಾಣುತ್ತವೆ. ಭ್ರೂಣ ಮಾತ್ರ ಆಗುವುದೇ ಇಲ್ಲ. ಎಲ್ಲಿ ತಪ್ಪಿದ್ದೇವೆ?
– ಲ್ಯಾಬ್ ಸಹಾಯಕ, ದೇರಳಕಟ್ಟೆ

ಚೆನ್ನಾಗಿ ಕಾಣುವುದು ಬೇರೆ, ಬದುಕಿರುವುದು ಬೇರೆ, ಭ್ರೂಣ ಆಗುವ ತಾಕತ್ತು ಇರುವುದು ಇನ್ನೂ ಬೇರೆ. ನಿಮ್ಮ ಕೈ ಎಷ್ಟೇ ಪಳಗಿದ್ದರೂ ದನದ ಅಂಡಾಣು ಈ ವಿಷಯದಲ್ಲಿ ಮನುಷ್ಯರದ್ದಕ್ಕಿಂತ ಹಟಮಾರಿ. ತಾಜಾ ಅಂಡಾಣುಗಳಲ್ಲಿ ಶೇ. 30–40 ಏಳನೇ ದಿನಕ್ಕೆ ಬ್ಲಾಸ್ಟೊಸಿಸ್ಟ್, ಅಂದರೆ ಬೆಳೆದ ಎಳೆ ಭ್ರೂಣ, ಆಗುವ ಲ್ಯಾಬ್‌ನಲ್ಲೂ ವಿಟ್ರಿಫೈ ಮಾಡಿದವುಗಳಲ್ಲಿ ಶೇ. 10ರ ಆಸುಪಾಸು ಬಂದರೆ ಅದು ಒಳ್ಳೆಯ ಕೆಲಸವೇ. ಸೊನ್ನೆ ಬರುತ್ತಿದ್ದರೆ ಮಾತ್ರ ಹುಡುಕಬೇಕು.

ಕೆಲಸ ನಡೆಯುವುದು ಹೀಗೆ ಎಂದು ಇಟ್ಟುಕೊಳ್ಳೋಣ. ಮೊದಲ ದ್ರಾವಣದಲ್ಲಿ ಶೇ. 7.5 ಎಥಿಲೀನ್ ಗ್ಲೈಕಾಲ್, ಶೇ. 7.5 ಡಿಎಂಎಸ್‌ಒ. ಎರಡೂ ಕೋಶವನ್ನು ಹರಳಿನಿಂದ ಕಾಯುವ ರಕ್ಷಕಗಳು. ಅಂಡಾಣು ಮೊದಲು ಒಣದ್ರಾಕ್ಷಿಯಂತೆ ಮುದುಡಿ, ಹತ್ತು ಹದಿನೈದು ನಿಮಿಷದಲ್ಲಿ ಮತ್ತೆ ಉಬ್ಬಿಕೊಳ್ಳುತ್ತದೆ. ಎರಡನೆಯದರಲ್ಲಿ ಎರಡೂ ಶೇ. 15ರಂತೆ, ಜೊತೆಗೆ 0.5 ಮೋಲಾರ್ ಸಕ್ಕರೆ, ಅಂದರೆ ಸುಕ್ರೋಸ್. ಇಲ್ಲಿ ಇರಬೇಕಾದ್ದು 30ರಿಂದ 60 ಸೆಕೆಂಡ್, ಅದರೊಳಗೇ ಕ್ರಯೋಟಾಪ್‌ನ, ಅಂದರೆ ಅಂಡಾಣು ಕೂರಿಸುವ ಸಾಧನದ, ತೆಳು ಪ್ಲಾಸ್ಟಿಕ್ ಪಟ್ಟಿಗೆ ಏರಿಸಿ, ಹೆಚ್ಚಿನ ದ್ರಾವಣ ಹೀರಿ, ನೈಟ್ರೋಜನ್‌ಗೆ ಅದ್ದಿಯೂ ಆಗಬೇಕು.

ತಪ್ಪುವ ಜಾಗ ಒಂದು: ಕೋಣೆಯ ಉಷ್ಣತೆ. ಈ ಸಮಯಗಳೆಲ್ಲ 25–27 ಡಿಗ್ರಿಯ ಲೆಕ್ಕ. ಏಪ್ರಿಲ್‌ನಲ್ಲಿ ಕರೆಂಟ್ ಹೋಗಿ ಕೋಣೆ 32 ಆಗಿದ್ದರೆ ಅದೇ 60 ಸೆಕೆಂಡಿಗೆ ಎಷ್ಟೋ ಹೆಚ್ಚು ಡಿಎಂಎಸ್‌ಒ ಒಳಗೆ ಹೋಗುತ್ತದೆ, ವಿಷವೂ ಜಾಸ್ತಿಯಾಗುತ್ತದೆ. ಎಸಿಯನ್ನು 18ಕ್ಕೆ ಇಟ್ಟು ಕುಳಿತರೆ ತಿರುಗಾಮುರುಗಾ, ಒಳಗೆ ಹೋಗುವುದೇ ಇಲ್ಲ. ಗಡಿಯಾರದ ಪಕ್ಕದಲ್ಲಿ ಥರ್ಮಾಮೀಟರ್ ತೂಗುಹಾಕಿ.

ಎರಡು: ಪಟ್ಟಿಯ ಮೇಲೆ ಉಳಿಸುವ ಹನಿ. 0.1 ಮೈಕ್ರೋಲೀಟರ್‌ಗಿಂತ ಕಡಿಮೆ ಇದ್ದರಷ್ಟೇ ನಿಮಿಷಕ್ಕೆ ಇಪ್ಪತ್ತು ಸಾವಿರ ಡಿಗ್ರಿಗೂ ಮೀರಿದ ವೇಗದಲ್ಲಿ ತಣ್ಣಗಾಗಿ, ಮಂಜುಗಡ್ಡೆಯ ಹರಳು ಕಟ್ಟಲು ಪುರುಸೊತ್ತಿಲ್ಲದೆ ಗಾಜಿನಂತೆ ಗಟ್ಟಿಯಾಗುತ್ತದೆ. ಗಾಜುಗಟ್ಟಿದ ಹನಿ ಪಾರದರ್ಶಕ. ಬೆಳ್ಳಗಾಯಿತೆಂದರೆ ಹರಳು ಕಟ್ಟಿದೆ, ಅದರೊಳಗಿನ ಅಂಡಾಣುವಿನ ಕತೆ ಮುಗಿಯಿತು. ಅಂಡಾಣು ಜಾರಿಹೋದೀತೆಂಬ ಹೆದರಿಕೆಯಿಂದ ಹೊಸಬರು ದೊಡ್ಡ ಹನಿ ಬಿಡುತ್ತಾರೆ. ಒಂದು ಪಟ್ಟಿಗೆ ನಾಲ್ಕೇ ಅಂಡಾಣು ಹಾಕಿ.

ಮೂರು, ನಮ್ಮ ಪ್ರಕಾರ ನಿಮ್ಮಲ್ಲಿ ತಪ್ಪುತ್ತಿರುವುದು ಇಲ್ಲಿಯೇ: ಬಿಸಿ ಮಾಡುವ ಹಂತ. ತಣ್ಣಗಾಗಿಸುವುದಕ್ಕಿಂತ ಬಿಸಿ ಮಾಡುವ ವೇಗ ಹೆಚ್ಚು ಮುಖ್ಯ. ಈ ಹಂತದ ಮೊದಲ ದ್ರಾವಣ, ಅಂದರೆ 1 ಮೋಲಾರ್ ಸುಕ್ರೋಸ್, ನಿಜವಾಗಿಯೂ 37 ಡಿಗ್ರಿ ಇರಬೇಕು. ಬಿಸಿ ಫಲಕದ ಡಬ್ಬಿಯಲ್ಲಿ 37 ಎಂದು ಕಾಣಿಸಿದರೂ ಪ್ಲಾಸ್ಟಿಕ್ ಬಟ್ಟಲೊಳಗಿನ ದ್ರಾವಣ 33–34ರಲ್ಲೇ ಇರುವುದುಂಟು. ತಂತಿಯ ಥರ್ಮಾಮೀಟರನ್ನು ದ್ರಾವಣದಲ್ಲೇ ಅದ್ದಿ ಅಳೆಯಿರಿ. ನೈಟ್ರೋಜನ್‌ನ ಪಾತ್ರೆಯನ್ನು ಬಟ್ಟಲಿಗೆ ತಾಗಿಯೇ ಇಟ್ಟುಕೊಂಡು ಪಟ್ಟಿಯನ್ನು ಒಂದು ಸೆಕೆಂಡಿನೊಳಗೆ ನೇರ ಅದ್ದಿ. ಅಲ್ಲಿ 1 ನಿಮಿಷ, 0.5 ಮೋಲಾರ್‌ನಲ್ಲಿ 3 ನಿಮಿಷ, ಸಕ್ಕರೆಯಿಲ್ಲದ ದ್ರಾವಣದಲ್ಲಿ ಎರಡು ಸಲ 5 ನಿಮಿಷ. ಸಕ್ಕರೆ ಮೆಟ್ಟಿಲು ಹಾರಿಸಿದರೆ ನೀರು ಒಮ್ಮೆಲೇ ನುಗ್ಗಿ ಅಂಡಾಣು ಒಡೆಯುತ್ತದೆ.

ಆಮೇಲೆ ತಕ್ಷಣ ವೀರ್ಯ ಹಾಕಬೇಡಿ. ವರ್ಣತಂತುಗಳನ್ನು ಹಿಡಿದಿರುವ ಕದಿರಿನಂಥ ರಚನೆ ಈ ಗದ್ದಲದಲ್ಲಿ ಬಿಚ್ಚಿಕೊಂಡಿರುತ್ತದೆ, ಮತ್ತೆ ಕಟ್ಟಿಕೊಳ್ಳಲು ಇನ್‌ಕ್ಯುಬೇಟರ್‌ನಲ್ಲಿ ಎರಡು ಮೂರು ಗಂಟೆ ಬೇಕು. ಎಲ್ಲ ಸರಿಯಿದ್ದೂ ವೀರ್ಯಾಣು ಒಳಗೆ ಹೋಗದಿದ್ದರೆ ಹೊರಕವಚ ಗಡುಸಾಗಿದೆ ಎಂದರ್ಥ. ರಕ್ಷಕ ದ್ರಾವಣಗಳು ಅಂಡಾಣುವಿನೊಳಗೆ ಕ್ಯಾಲ್ಸಿಯಂ ಏರಿಸಿ, ಗರ್ಭಕಟ್ಟಿದ ಮೇಲೆ ಆಗಬೇಕಾದ ಗಡುಸುತನವನ್ನು ಮೊದಲೇ ಮಾಡಿಬಿಡುತ್ತವೆ. ಕ್ಯಾಲ್ಸಿಯಂ ಇಲ್ಲದ ದ್ರಾವಣದಲ್ಲಿ ಮಾಡಿ ನೋಡಿ, ಎರಡು ಮೂರು ಪದರ ಕ್ಯುಮ್ಯುಲಸ್ ಉಳಿಸಿಕೊಳ್ಳಿ.

ಊಹೆ ಮಾಡುತ್ತ ಕೂರುವುದಕ್ಕಿಂತ ಮುಂದಿನ ಸಲ ಮೂರು ಗುಂಪು ಮಾಡಿ: ಒಂದು ತಾಜಾ, ಒಂದು ಎಲ್ಲ ದ್ರಾವಣಗಳಲ್ಲಿ ಹಾಯಿಸಿ ನೈಟ್ರೋಜನ್‌ಗೆ ಮಾತ್ರ ಹಾಕದ್ದು, ಒಂದು ಪೂರ್ತಿ ವಿಟ್ರಿಫೈ ಮಾಡಿದ್ದು. ಎರಡನೆಯ ಗುಂಪೂ ಕೆಟ್ಟರೆ ದ್ರಾವಣದ ತಪ್ಪು. ಅದು ಚೆನ್ನಾಗಿದ್ದು ಮೂರನೆಯದು ಮಾತ್ರ ಕೆಟ್ಟರೆ ಹನಿ ಅಥವಾ ಬಿಸಿಯ ತಪ್ಪು.

ಪ್ರಶ್ನೆ: ನಮ್ಮ ಹಟ್ಟಿಯಲ್ಲಿ 14 ವರ್ಷದ ಮಲೆನಾಡು ಗಿಡ್ಡ ದನ ಇದೆ. ಒಳ್ಳೆಯ ಸಾಲು, ಆದರೆ ಹೆಣ್ಣು ಕರು ಉಳಿದಿಲ್ಲ. ಅದು ಸತ್ತರೆ ಅಂಡಾಶಯವನ್ನು ಹಾಗೆಯೇ ಫ್ರೀಜ್ ಮಾಡಿಟ್ಟು ಮುಂದೆ ಕರು ಪಡೆಯಬಹುದೇ?
– ಹೈನುಗಾರರು, ಬ್ರಹ್ಮಾವರ

ಇಡಿಯಾಗಿ ಆಗದು. ಅಂಡಾಶಯದ ದಪ್ಪಕ್ಕೆ ಹೊರಗಿನ ಸಿಪ್ಪೆ ಗಟ್ಟಿಯಾದರೂ ನಡುಭಾಗ ಬಿಸಿಯಾಗಿಯೇ ಇರುತ್ತದೆ, ರಕ್ಷಕ ದ್ರಾವಣವೂ ಅಲ್ಲಿಗೆ ತಲುಪುವುದಿಲ್ಲ. ಮನೆಯ ಫ್ರೀಜರ್ ಅಂತೂ ಮಾತೇ ಬೇಡ, ಮೈನಸ್ 20ರಲ್ಲಿ ಕೋಶವನ್ನು ಹರಳುಗಳು ಒಳಗಿಂದಲೇ ಹರಿದುಹಾಕುತ್ತವೆ. ಲ್ಯಾಬ್‌ಗಳು ಸಿಪ್ಪೆಯನ್ನು 1 ಮಿ.ಮೀ. ದಪ್ಪದ ಚೂರುಗಳಾಗಿ ಕತ್ತರಿಸಿ, 1.5 ಮೋಲಾರ್ ಡಿಎಂಎಸ್‌ಒದಲ್ಲಿ ಐಸ್ ಮೇಲೆ ಅರ್ಧ ಗಂಟೆ ನೆನೆಸಿ, ಯಂತ್ರದಲ್ಲಿ ನಿಧಾನ ತಣಿಸುತ್ತವೆ: ನಿಮಿಷಕ್ಕೆ 2 ಡಿಗ್ರಿಯಂತೆ ಮೈನಸ್ 7ರವರೆಗೆ, ಅಲ್ಲಿ ಕೋಶದ ಹೊರಗಿನ ದ್ರಾವಣದಲ್ಲಿ ಬೇಕೆಂದೇ ಹರಳು ಹುಟ್ಟಿಸಿ, ಮುಂದೆ ನಿಮಿಷಕ್ಕೆ 0.3 ಡಿಗ್ರಿಯಂತೆ ಮೈನಸ್ 40ರವರೆಗೆ. 1994ರಲ್ಲಿ ಹೀಗೆ ಇಟ್ಟ ಚೂರನ್ನು ಅದೇ ಕುರಿಗೆ ಮರಳಿ ಕಸಿ ಮಾಡಿ ಮರಿ ಪಡೆದದ್ದಿದೆ. ಆದರೆ ಅಲ್ಲಿ ಕುರಿ ಬದುಕಿತ್ತು. ಸತ್ತ ದನದ ಚೂರಿನಿಂದ ಕರುವಿನವರೆಗೆ ಇವತ್ತಿಗೆ ನೇರ ದಾರಿ ಇಲ್ಲ, ನಿಮಗೆ ಆಸೆ ತೋರಿಸುವುದು ಸರಿಯಲ್ಲ.

ಬದುಕಿರುವಾಗಲೇ ಕೆಲಸ ಶುರು ಮಾಡಿ. ಇನ್ನೂ ಬೆದೆಗೆ ಬರುತ್ತಿದ್ದರೆ ಗಿಡ್ಡ ತಳಿಯದೇ ವೀರ್ಯದ ಕಡ್ಡಿ ಹಾಕಿಸುವುದು ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಖಾತ್ರಿಯ ದಾರಿ. ಹೆಣ್ಣೇ ಬೇಕೆಂದರೆ ಆ ತಳಿಯ ಲಿಂಗ ವಿಂಗಡಿತ ವೀರ್ಯ ಸಿಗುತ್ತದೆಯೇ ಎಂದು ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಗಬ್ಬ ನಿಲ್ಲದಿದ್ದರೆ ಓಪಿಯು ಕೇಳಿನೋಡಬಹುದು. ನಮ್ಮ ದೇಸಿ ತಳಿಗಳು ಸಾಮಾನ್ಯವಾಗಿ ವಿದೇಶಿ ತಳಿಗಿಂತ ಹೆಚ್ಚು ಅಂಡಾಣು ಕೊಡುವವು. ಆದರೆ 14ರ ವಯಸ್ಸಿಗೆ ದಾಸ್ತಾನು ಇಳಿದಿರುತ್ತದೆ, ಗಿಡ್ಡದ ಸಣ್ಣ ಮೈಯಲ್ಲಿ ಪಶುವೈದ್ಯರ ಕೈ ಮತ್ತು ಸ್ಕ್ಯಾನರ್‌ಗೆ ಇಕ್ಕಟ್ಟೂ ಹೌದು.

ಅಕಸ್ಮಾತ್ ಸತ್ತೇಹೋದರೆ ಒಂದೆರಡು ಗಂಟೆಯೊಳಗೆ ಪಶುವೈದ್ಯರು ಅಂಡಾಶಯ ತೆಗೆದು, ಮೇಲೆ ಹೇಳಿದ ಬಿಸಿ ಸಲೈನ್‌ನಲ್ಲಿ, ಅಂಡಾಣು ತೆಗೆಯಲು ಮೊದಲೇ ಒಪ್ಪಿಕೊಂಡ ಲ್ಯಾಬ್‌ಗೆ ತಲುಪಿಸಬೇಕು. ಸತ್ತ ಮೇಲೆ ಲ್ಯಾಬ್ ಹುಡುಕಲು ಹೊರಟರೆ ಹೊತ್ತು ಮೀರುತ್ತದೆ. ಜೊತೆಗೆ ಕಿವಿಯಂಚಿನ ಕೂದಲು ಬೋಳಿಸಿ, ಸ್ಪಿರಿಟ್ ಹಚ್ಚಿ ಒರೆಸಿ, ಒಂದು ಸೆಂ.ಮೀ. ಚರ್ಮದ ತುಂಡನ್ನೂ ತೆಗೆಸಿ. ಅದನ್ನು ಐಸ್ ಮೇಲೆಯೇ ಒಯ್ಯಬೇಕು. ಚರ್ಮದ ಕೋಶ ಗಟ್ಟಿ ಪಿಂಡ, ಅದರಿಂದ ಕೋಶ ಬೆಳೆಸಿ ತಳಿಯ ವಂಶವಾಹಿಯನ್ನಾದರೂ ನೈಟ್ರೋಜನ್‌ನಲ್ಲಿ ಕಾಪಿಡಬಹುದು. ಒಂದು ಎಚ್ಚರಿಕೆ: ದನ ದಿಢೀರನೆ ಸತ್ತು ಮೂಗು, ಗುದದಿಂದ ಕಪ್ಪು ರಕ್ತ ಬರುತ್ತಿದ್ದರೆ ನೆರಡಿ, ಅಂದರೆ ಆಂಥ್ರಾಕ್ಸ್, ಇರಬಹುದು. ಯಾವ ತಳಿಯೇ ಆಗಿರಲಿ, ಮೈಗೆ ಕತ್ತಿ ತಾಗಿಸಬಾರದು.

ಪ್ರಶ್ನೆ: ನಾನು ಕೃತಕ ಗರ್ಭಧಾರಣೆ ಕಾರ್ಯಕರ್ತ. ನನ್ನ ನೈಟ್ರೋಜನ್ ಕ್ಯಾನ್‌ನಲ್ಲಿ ವೀರ್ಯದ ಕಡ್ಡಿಗಳ ಜೊತೆ ಲ್ಯಾಬ್‌ನವರ ಅಂಡಾಣು ಪಟ್ಟಿಗಳನ್ನೂ ಇಟ್ಟುಕೊಳ್ಳಬಹುದೇ?
– ಬೆಳ್ತಂಗಡಿ

ಇಟ್ಟುಕೊಳ್ಳದಿದ್ದರೆ ಒಳ್ಳೆಯದು. ನಿಮ್ಮ ಕಡ್ಡಿಯಲ್ಲಿ 0.25 ಮಿ.ಲೀ. ಇದೆ, ಅವರ ಪಟ್ಟಿಯ ಮೇಲೆ ಅದರ ಎರಡೂವರೆ ಸಾವಿರದಲ್ಲಿ ಒಂದು ಪಾಲು. ಕಡ್ಡಿಯನ್ನು ಕ್ಯಾನ್‌ನ ಕತ್ತಿನವರೆಗೆ ಎತ್ತಿ ಹೋರಿಯ ನಂಬರ್ ಓದುವ ಐದಾರು ಸೆಕೆಂಡನ್ನು ವೀರ್ಯ ಹೇಗೋ ತಡೆದುಕೊಳ್ಳುತ್ತದೆ. ಅಷ್ಟರಲ್ಲಿ ಪಟ್ಟಿಯ ಹನಿ ಮೈನಸ್ 130ನ್ನು ದಾಟಿ ಹರಳುಗಟ್ಟಿರುತ್ತದೆ, ಮತ್ತೆ ಮುಳುಗಿಸಿದರೂ ಸರಿಯಾಗದು. ದಿನಕ್ಕೆ ಹತ್ತು ಸಲ ತೆರೆಯುವ ಕ್ಯಾನ್ ಅದಕ್ಕೆ ತಕ್ಕ ಜಾಗವಲ್ಲ. ಪಟ್ಟಿ ತೆರೆದ ಮಾದರಿಯದ್ದಾದರೆ ನೈಟ್ರೋಜನ್ ಮೂಲಕ ಒಂದರಿಂದ ಇನ್ನೊಂದಕ್ಕೆ ಸೋಂಕು ಹೋಗುವ ಸಾಧ್ಯತೆಯೂ ಇದೆ.

ಒಂದೆರಡು ದಿನದ ಮಟ್ಟಿಗೆ ಅನಿವಾರ್ಯವಾದರೆ ಬೇರೆಯೇ ಕ್ಯಾನಿಸ್ಟರ್ (ಕ್ಯಾನ್ ಒಳಗೆ ತೂಗುವ ಡಬ್ಬಿ) ಕೊಡಿ, ಅದಕ್ಕೆ ಕೆಂಪು ಟೇಪ್ ಸುತ್ತಿ, ಎತ್ತಬೇಡಿ. ಮಟ್ಟ ನೋಡಲು ಕ್ಯಾನ್ ಜೊತೆ ಬಂದ ಗಟ್ಟಿ ಅಳತೆಪಟ್ಟಿಯನ್ನೇ ಬಳಸಿ. ಪೊಳ್ಳು ಪೈಪ್ ಹಾಕಿದರೆ ದ್ರವ ಅದರೊಳಗಿಂದ ಮುಖಕ್ಕೆ ಚಿಮ್ಮುತ್ತದೆ. ಕಾರಿನಲ್ಲಿ ಒಯ್ಯುವಾಗ ಕಿಟಕಿ ಸ್ವಲ್ಪ ಇಳಿಸಿರಲಿ. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 700 ಲೀಟರ್ ಅನಿಲ, ವಾಸನೆಯಿಲ್ಲ, ಉಸಿರು ಕಟ್ಟುವುದೇ ಗೊತ್ತಾಗುವುದಿಲ್ಲ.

ಪ್ರಶ್ನೆ: ಶಾಲೆಯ ಪ್ರಯೋಗಾಲಯದಲ್ಲಿ ತೋರಿಸಲು ಆಡಿನ ಅಂಡಾಶಯ ಇಡಬೇಕು. ಇಷ್ಟೆಲ್ಲ ಬೇಕೇ?
– ವಿಜ್ಞಾನ ಶಿಕ್ಷಕಿ, ಕುಂದಾಪುರ

ಬೇಡ. ಅಂಗಡಿಯ ಫಾರ್ಮಲಿನ್ ಒಂದು ಪಾಲು, ನೀರು ಒಂಬತ್ತು ಪಾಲು. ಅಂಡಾಶಯದ ಹತ್ತುಪಟ್ಟು ದ್ರಾವಣ ಇರಲಿ. ಒಂದನ್ನು ಇಡಿಯಾಗಿ, ಒಂದನ್ನು ಉದ್ದಕ್ಕೆ ಸೀಳಿ ಎರಡು ದಿನ ಮುಳುಗಿಸಿ, ತೊಳೆದು ಶೇ. 70 ಆಲ್ಕೋಹಾಲ್‌ಗೆ ಬದಲಾಯಿಸಿ. ಸೀಳಿದ್ದರಲ್ಲಿ ಗುಳ್ಳೆಗಳ ಒಳಗೋಡೆ ಚೆನ್ನಾಗಿ ಕಾಣುತ್ತದೆ. ಕೈಗವಸು ಹಾಕಿ, ಕಿಟಕಿ ತೆರೆದಿಡಿ, ಬಾಟಲಿಯ ಮೇಲೆ ಒಳಗಿರುವ ದ್ರಾವಣದ ಹೆಸರನ್ನೂ ತಾರೀಕನ್ನೂ ಬರೆಯಿರಿ. ಮಕ್ಕಳು ಮೂಸಿ ನೋಡುವುದು ಖಂಡಿತ.